ಡೆಂಗ್ಯೂ ಜ್ವರದಲ್ಲಿ ಶುಗರ್ 286 ಬಂತು. ಇದು ನಿಜವಾಗ್ಲೂ ಡಯಾಬಿಟಿಸಾ, ಅಥವಾ ಜ್ವರದ ಆಟನಾ?

ಮಲ್ಲಿಗೆದಂಡೆ · 6 ಆಗಸ್ಟ್ 2024, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ 41 ವರ್ಷ. ಇದುವರೆಗೆ ಶುಗರ್ ಇರಲಿಲ್ಲ. ಇರಲಿಲ್ಲ ಅನ್ನೋದಕ್ಕಿಂತ ಚೆಕ್ ಮಾಡಿಸಿರಲಿಲ್ಲ ಅನ್ನೋದೇ ಸರಿ.

ಕಳೆದ ತಿಂಗಳು ಡೆಂಗ್ಯೂ ಬಂತು. ಮೊದಲು ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಎರಡು ದಿನ ಇಂಜೆಕ್ಷನ್, ಡ್ರಿಪ್ ಹಾಕಿಸಿದೆವು. ಐದನೇ ದಿನ ಪ್ಲೇಟ್‌ಲೆಟ್ 62 ಸಾವಿರಕ್ಕೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ಸೇರಿಸುವಾಗ ತೆಗೆದ ರಕ್ತದಲ್ಲಿ ಶುಗರ್ 286! ಪ್ಲೇಟ್‌ಲೆಟ್ ಚಿಂತೆ ಒಂದು ಕಡೆ, ಇದು ಇನ್ನೊಂದು ಕಡೆ.

ಐದು ದಿನ ಇದ್ದು ಮನೆಗೆ ಬಂದೆವು. ಡಿಸ್ಚಾರ್ಜ್ ಚೀಟಿಯಲ್ಲಿ ‘ಟೈಪ್ 2 ಡಯಾಬಿಟಿಸ್’ ಅಂತ ಬರೆದಿದ್ದಾರೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಎಷ್ಟು ದಿನ ಅಂತ ಕೇಳಿದರೆ "ಇನ್ನು ಜೀವನಪೂರ್ತಿ" ಅಂದರು. ಅತ್ತೆ ಆಗಲೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದಾರೆ. ಇವರು ಮಾತ್ರ "ಜ್ವರದ ಜೊತೆ ಬಂದಿದ್ದು, ಜ್ವರದ ಜೊತೆ ಹೋಗುತ್ತೆ" ಅಂತ ಹಟ ಹಿಡಿದಿದ್ದಾರೆ.

ವೈರಸ್‌ನಿಂದ ಶುಗರ್ ಬರುತ್ತಾ? ಗೊತ್ತಿರುವವರು ಹೇಳಿ.

ಮಂಡ್ಯದ_ಬೆಲ್ಲ · 6 ಆಗಸ್ಟ್, ರಾತ್ರಿ 10:05

ನಮ್ಮ ದೊಡ್ಡಪ್ಪನಿಗೂ ಕೊರೊನಾ ಟೈಮಲ್ಲಿ ಹೀಗೇ ಆಗಿತ್ತು. ಆಮೇಲೆ ತಾನೇ ಸರಿಹೋಯ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ.

ಬೆಣ್ಣೆದೋಸೆ · 6 ಆಗಸ್ಟ್, ರಾತ್ರಿ 10:31

ದಾವಣಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದೇನೆ, 19 ವರ್ಷ ಆಯಿತು. ಮೇಡಂ, ಆ ಮೊದಲ ಕ್ಲಿನಿಕ್‌ನಲ್ಲಿ ಏನು ಇಂಜೆಕ್ಷನ್ ಕೊಟ್ಟರು? ಡ್ರಿಪ್ ಬಾಟಲಿ ಯಾವುದು? ಚೀಟಿ ಇದ್ದರೆ ನೋಡಿ.

ಯಾಕೆ ಕೇಳಿದೆ ಅಂದ್ರೆ, ನಮ್ಮ ಕಡೆ ‘ಗ್ಲೂಕೋಸ್ ಹಾಕಿಸಿಕೊಂಡು ಬಂದೆ’ ಅನ್ನೋದು ಒಂದು ಸಂಪ್ರದಾಯ. ಜ್ವರ, ಸುಸ್ತು, ತಲೆಸುತ್ತು, ಎಲ್ಲಕ್ಕೂ ಒಂದು ಬಾಟಲಿ. ಅದು ಬರೀ ಉಪ್ಪುನೀರಿನ ಎನ್‌ಎಸ್ ಆದರೆ ಸಕ್ಕರೆ ಇಲ್ಲ. ಡಿಎನ್‌ಎಸ್ ಆದರೆ 5 ಪರ್ಸೆಂಟ್ ಡೆಕ್ಸ್ಟ್ರೋಸ್. ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ. ಐದಾರು ಚಮಚ ಸಕ್ಕರೆ, ಅದೂ ಹೊಟ್ಟೆಗಲ್ಲ, ನೇರ ರಕ್ತಕ್ಕೆ. ಆರೋಗ್ಯವಾಗಿರುವ ಮೈ ಅದನ್ನು ಸಂಭಾಳಿಸುತ್ತದೆ. ಜ್ವರ ಬಂದ ಮೈಗೆ ಕಷ್ಟ.

ಇನ್ನು ಇಂಜೆಕ್ಷನ್. ಜ್ವರ ಬೇಗ ಇಳಿಯಲಿ ಅಂತ ಡೆಕ್ಸಾಮೆಥಾಸೋನ್ ಸೇರಿಸಿ ಕೊಡೋದು ಹೊಸದೇನಲ್ಲ. ಅದು ಸ್ಟಿರಾಯ್ಡ್. ಮೈ ಹಗುರ ಅನ್ನಿಸುತ್ತದೆ, ಡಾಕ್ಟರ ಕೈಗುಣ ಚೆನ್ನಾಗಿದೆ ಅಂತಾರೆ, ಶುಗರ್ ಮಾತ್ರ ಸರ್ರನೆ ಏರುತ್ತದೆ.

ಹಳೇ_ಡಾಕ್ಟ್ರು · 7 ಆಗಸ್ಟ್, ಬೆಳಿಗ್ಗೆ 6:12

ಶಿವಮೊಗ್ಗದಲ್ಲಿ ಮೂವತ್ತು ವರ್ಷ ಫಿಸಿಶಿಯನ್ ಆಗಿದ್ದೆ. ಈಗ ಮೊಮ್ಮಕ್ಕಳ ಜೊತೆ ಇದ್ದೇನೆ. ರೋಗಿಯನ್ನು ನೋಡದೆ ಔಷಧಿ ಹೇಳುವುದಿಲ್ಲ. ಆದರೆ ವಿಷಯ ಹೇಳಬಹುದು.

ಲಿವರ್ ಅಂದರೆ ನಮ್ಮ ಮೈಯ ಕಣಜ ಅಂದುಕೊಳ್ಳಿ. ಸೋಂಕು ಹೊಕ್ಕ ತಕ್ಷಣ ಕಾರ್ಟಿಸಾಲ್, ಅಡ್ರಿನಾಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳು ಜಾಸ್ತಿಯಾಗುತ್ತವೆ. ಅವು ಬಂದು ಕಣಜದ ಬಾಗಿಲು ತೆಗೆಯುತ್ತವೆ, ಸಕ್ಕರೆ ರಕ್ತಕ್ಕೆ ಸುರಿಯುತ್ತದೆ. ಇನ್ನೊಂದು ಕಡೆ, ವೈರಸ್ ಜೊತೆ ಹೊಡೆದಾಡುವ ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಿಂದ ಸ್ನಾಯುಗಳು ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಬರುವುದು ಜಾಸ್ತಿ, ಖರ್ಚು ಕಡಿಮೆ. ಒಂದು ತುತ್ತು ಊಟ ಮಾಡದಿದ್ದರೂ ಶುಗರ್ ಏರುವುದು ಇದಕ್ಕೇ. "ಮೂರು ದಿನದಿಂದ ಗಂಜಿ ಬಿಟ್ಟು ಏನೂ ತಿಂದಿಲ್ಲ ಡಾಕ್ಟ್ರೇ, ಶುಗರ್ ಎಲ್ಲಿಂದ ಬಂತು?" ಅಂತ ಕೇಳದ ರೋಗಿಯೇ ಇಲ್ಲ.

ಹಾಗಾಗಿ ಜ್ವರದ ದಿನ ಸಿಕ್ಕ ಒಂದೇ ಒಂದು ರಾಂಡಮ್ ಶುಗರ್ (ಊಟದ ಹೊತ್ತು ನೋಡದೆ ತೆಗೆದದ್ದು) ನೋಡಿ ಜೀವನಪೂರ್ತಿ ಡಯಾಬಿಟಿಸ್ ಎಂದು ಬರೆಯುವುದು ಅವಸರ. ಹಾಗೆಂದು ಏನೂ ಇಲ್ಲ ಅನ್ನುವುದೂ ಅವಸರವೇ. ನಿಮ್ಮ ಯಜಮಾನರೂ ಆ ಆಸ್ಪತ್ರೆಯವರೂ ಒಂದೇ ತಪ್ಪು ಮಾಡುತ್ತಿದ್ದಾರೆ, ದಿಕ್ಕು ಬೇರೆ ಅಷ್ಟೆ.

ಫೈಲಿನಲ್ಲಿ ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆಯಾ ನೋಡಿ ತಾಯಿ. ಅದಿಲ್ಲದೆ ಈ ಮಾತು ಮುಂದೆ ಹೋಗುವುದಿಲ್ಲ.

ಮಲ್ಲಿಗೆದಂಡೆ · 7 ಆಗಸ್ಟ್, ಮಧ್ಯಾಹ್ನ 1:20

ಫೈಲ್ ಪೂರ್ತಿ ಹುಡುಕಿದೆ ಸರ್. ಪ್ಲೇಟ್‌ಲೆಟ್ ರಿಪೋರ್ಟ್‌ಗಳೇ ಹನ್ನೊಂದು ಹಾಳೆ! ಅದರ ನಡುವೆ ಸಿಕ್ಕಿತು. ಎಚ್‌ಬಿಎ1ಸಿ 6.1. ಹಿಮೋಗ್ಲೋಬಿನ್ 14.8. ಕ್ಲಿನಿಕ್ ಚೀಟಿಯಲ್ಲಿ ಇಂಜೆಕ್ಷನ್ ಹೆಸರು ಓದಲು ಆಗುತ್ತಿಲ್ಲ, ಆದರೆ ‘ಡಿಎನ್‌ಎಸ್’ ಅಂತ ಎರಡು ಕಡೆ ಇದೆ.

ಬೆಣ್ಣೆದೋಸೆ · 7 ಆಗಸ್ಟ್, ಮಧ್ಯಾಹ್ನ 1:26

ನೋಡಿ, ನಾನು ಹೇಳಿದೆ.

ಹಳೇ_ಡಾಕ್ಟ್ರು · 7 ಆಗಸ್ಟ್, ಸಂಜೆ 5:48

6.1 ಅಂದರೆ ಕಥೆ ಬೇರೆ.

ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂಬುದೇ ಎಚ್‌ಬಿಎ1ಸಿ. ರಾಂಡಮ್ ಶುಗರ್ ಅಂದರೆ ಇವತ್ತು ಅಂಗಡಿಯಲ್ಲಿ ಕೊಂಡ ಸಾಮಾನಿನ ಬಿಲ್ಲು. ಎಚ್‌ಬಿಎ1ಸಿ ಅಂದರೆ ಮೂರು ತಿಂಗಳ ಸಾಲದ ಪುಸ್ತಕ. ಹಬ್ಬದ ದಿನ ಬಿಲ್ಲು ದೊಡ್ಡದಾಯಿತು ಅಂತ ಮನೆ ಸಾಲದಲ್ಲಿ ಮುಳುಗಿದೆ ಅನ್ನಲು ಆಗುತ್ತಾ? ಒಂದು ವಾರದ ಜ್ವರ ಆ ಪುಸ್ತಕವನ್ನು ಹೆಚ್ಚು ಬದಲಿಸುವುದಿಲ್ಲ.

5.7ಕ್ಕಿಂತ ಕಡಿಮೆ ಇದ್ದರೆ ಸರಿ. 6.5 ಮತ್ತು ಮೇಲೆ ಇದ್ದರೆ ಡಯಾಬಿಟಿಸ್. ನಡುವಿನದ್ದು ಪ್ರಿಡಯಾಬಿಟಿಸ್, ಹೊಸ್ತಿಲ ಮೇಲೆ ನಿಂತ ಹಾಗೆ. ನಿಮ್ಮವರು ಜ್ವರಕ್ಕೆ ಮೊದಲೇ ಹೊಸ್ತಿಲ ಮೇಲೆ ನಿಂತಿದ್ದರು. ಡೆಂಗ್ಯೂ ಹಿಂದಿನಿಂದ ತಳ್ಳಿತು. ಡ್ರಿಪ್ ಇನ್ನೊಂದು ಕೈ ಹಾಕಿತು. ಹೀಗೆ ನಿಂತವರು ಅವರೊಬ್ಬರೇ ಅಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಡಯಾಬಿಟಿಸ್ ಇರುವವರು 10.1 ಕೋಟಿ, ಹೊಸ್ತಿಲ ಮೇಲಿರುವವರು 13.6 ಕೋಟಿ.

ಒಂದು ಎಚ್ಚರಿಕೆ. ರಕ್ತಹೀನತೆ ಇರುವವರಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಕಬ್ಬಿಣದಂಶ ಕಡಿಮೆ ಇದ್ದರೆ ಇಲ್ಲದ ಶುಗರ್ ತೋರಿಸಬಹುದು. ರಕ್ತ ಹೋಗಿದ್ದರೆ, ರಕ್ತ ಹಾಕಿಸಿದ್ದರೆ ಇರುವುದನ್ನು ಮುಚ್ಚಿಡಬಹುದು. ನಿಮ್ಮವರ ಹಿಮೋಗ್ಲೋಬಿನ್ ಚೆನ್ನಾಗಿದೆ, ಆ ಅನುಮಾನ ಬೇಡ.

ಮಾತ್ರೆ ಕೊಟ್ಟ ಡಾಕ್ಟರಿಗೆ ಈ 6.1 ತೋರಿಸಿ ಮಾತಾಡಿ. ನೀವೇ ನಿಲ್ಲಿಸಬೇಡಿ.

ಅಡಿಕೆಪಟ್ಟಿ · 7 ಆಗಸ್ಟ್, ರಾತ್ರಿ 8:15

ಎಲ್ಲ ಓದಿದೆ. ಯಾರೂ ನಿಜ ಹೇಳುತ್ತಿಲ್ಲ. ಕೊರೊನಾ ವ್ಯಾಕ್ಸಿನ್ ಹಾಕಿಸಿಕೊಂಡ ಮೇಲೇ ಎಲ್ಲರಿಗೂ ಶುಗರ್ ಬಂದಿದ್ದು. ನಮ್ಮ ಶಿರಸಿ ಕಡೆ ಮನೆಗೊಬ್ಬರು. ಮೊದಲು ಹೀಗೆ ಇತ್ತಾ? ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯಕ್ಕೆ ಜೋನಿಬೆಲ್ಲ ಹಾಕಿ ಕುಡಿಯಿರಿ, ಯಾವ ವೈರಸ್ಸೂ ಬರಲ್ಲ, ಶುಗರ್ರೂ ಬರಲ್ಲ.

ಮಂಡ್ಯದ_ಬೆಲ್ಲ · 7 ಆಗಸ್ಟ್, ರಾತ್ರಿ 8:19

ಶುಗರ್ ಬರದ ಹಾಗೆ ಜೋನಿಬೆಲ್ಲ! ನನ್ನ ಹೆಸರಲ್ಲೇ ಬೆಲ್ಲ ಇದೆ, ನನಗೇ ಒಪ್ಪಲು ಆಗ್ತಿಲ್ಲ ಅಣ್ಣ.

ರಾತ್ರಿಪಾಳಿ · 8 ಆಗಸ್ಟ್, ನಸುಕು 4:50

ನಾನು ನರ್ಸ್. 2021ರ ಏಪ್ರಿಲ್, ಮೇ ಪೂರ್ತಿ ಕೋವಿಡ್ ವಾರ್ಡಿನಲ್ಲಿ ಇದ್ದೆ. ವ್ಯಾಕ್ಸಿನ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಆಗ ಬಂದ ನಮ್ಮ ರೋಗಿಗಳಲ್ಲಿ ಹೆಚ್ಚಿನವರಿಗೆ ಒಂದು ಡೋಸೂ ಆಗಿರಲಿಲ್ಲ. ಆದರೂ ಪಿಪಿಇ ಒಳಗೆ ಬೆವರುತ್ತಾ, ಬೆರಳು ಚುಚ್ಚಿ ಚುಚ್ಚಿ ಬರೆದ ನಂಬರುಗಳು 340, 412. ಒಂದೊಂದು ಸಲ ಮೀಟರ್ ನಂಬರನ್ನೇ ತೋರಿಸದೆ ‘ಹೈ’ ಅಂತ ಬರುತ್ತಿತ್ತು. "ನಂಗೆ ಶುಗರ್ ಇಲ್ಲ ಸಿಸ್ಟರ್" ಅಂತ ಆಕ್ಸಿಜನ್ ಮಾಸ್ಕ್ ಸರಿಸಿ ಹೇಳುತ್ತಿದ್ದರು.

ಅರ್ಧ ಕೆಲಸ ವೈರಸ್ಸಿನದು, ಅರ್ಧ ಸ್ಟಿರಾಯ್ಡಿನದು. ಸ್ಟಿರಾಯ್ಡ್ ಕೆಟ್ಟದ್ದು ಅಂತಲ್ಲ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು ಮೂರನೇ ಒಂದರಷ್ಟು ಕಡಿಮೆ ಆಯಿತು. ಅದು ಆಕ್ಸಿಜನ್ ಬೇಕಾದವರಿಗೆ ಇದ್ದ ಔಷಧಿ. ಇಲ್ಲಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಚೀಟಿ ನೋಡಿ ಜ್ವರದ ಮೊದಲ ದಿನದಿಂದಲೇ ಮನೆಯಲ್ಲಿ ನುಂಗಿದರು. ಶುಗರ್ ನೋಡುವವರು ಯಾರೂ ಇರಲಿಲ್ಲ.

ಆಮೇಲೆ ಬಂದಿದ್ದು ಬ್ಲ್ಯಾಕ್ ಫಂಗಸ್. ಕೆನ್ನೆ ಊದಿಕೊಂಡು, ಮೂಗಿನೊಳಗೆ ಕಪ್ಪು ಹೊಪ್ಪಳೆ. ಆ ವರ್ಷ ಜುಲೈ ಹೊತ್ತಿಗೆ ದೇಶದಲ್ಲಿ 40 ಸಾವಿರ ದಾಟಿತ್ತು. ಹಿಡಿತ ತಪ್ಪಿದ ಶುಗರ್ ಮತ್ತು ಸ್ಟಿರಾಯ್ಡ್, ಈ ಎರಡರ ನಡುವೆ ಅದಕ್ಕೆ ದಾರಿ ಸಿಕ್ಕಿತ್ತು. ಅದಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಜನ ಊರೂರು ಅಲೆದಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮಾತು ಬೇರೆ ಕಡೆ ಹೋಯಿತು, ಕ್ಷಮಿಸಿ.

ಟಾಂಪೆರೆ_ಕನ್ನಡಿಗ · 8 ಆಗಸ್ಟ್, ಮಧ್ಯಾಹ್ನ 2:30

ಅಡಿಕೆಪಟ್ಟಿ ಅವರಿಗೆ. 2024ರಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನ ಒಂದಿದೆ, ಸುಮಾರು 1.6 ಕೋಟಿ ಜನರ ದಾಖಲೆ ನೋಡಿದ್ದು. ಕೋವಿಡ್ ಬಂದ ಮೊದಲ ನಾಲ್ಕು ವಾರದಲ್ಲಿ ಟೈಪ್ 2 ಪತ್ತೆಯಾಗುವುದು ನಾಲ್ಕು ಪಟ್ಟು ಜಾಸ್ತಿ ಇತ್ತು. ವ್ಯಾಕ್ಸಿನ್ ಹಾಕಿಸಿಕೊಳ್ಳದವರಲ್ಲೇ ಈ ಏರಿಕೆ ಹೆಚ್ಚು, ಹಾಕಿಸಿಕೊಂಡವರಲ್ಲಿ ಕಡಿಮೆ. ನಿಮ್ಮ ಲೆಕ್ಕ ತಲೆಕೆಳಗಾಯಿತು.

ಆದರೆ ಇದನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆಸ್ಪತ್ರೆಗೆ ಹೋದವರ ರಕ್ತ ಪರೀಕ್ಷೆ ಆಗುತ್ತದೆ, ಮನೆಯಲ್ಲಿ ಕೂತವರದ್ದು ಆಗಲ್ಲ. ಹುಡುಕಿದ ಕಡೆ ಸಿಗುತ್ತದೆ. ಮೊದಲೇ ಇದ್ದದ್ದು ಈಗ ಕಂಡಿರಬಹುದು. ಅಮೆರಿಕದ ಮಾಜಿ ಸೈನಿಕರ ದಾಖಲೆ ಇಟ್ಟುಕೊಂಡು 2022ರಲ್ಲಿ ಒಂದು ಅಧ್ಯಯನ ಬಂತು. ಕೋವಿಡ್ ಆದವರಿಗೆ ಮುಂದಿನ ಒಂದು ವರ್ಷದಲ್ಲಿ ಡಯಾಬಿಟಿಸ್ ಬರುವ ಅಪಾಯ ಶೇ 40ರಷ್ಟು ಜಾಸ್ತಿ ಅಂದಿತು. 40 ಅಂದರೆ ಎದೆ ಧಸಕ್ಕೆನ್ನುತ್ತದೆ ಅಲ್ವಾ? ಬಿಡಿಸಿ ನೋಡಿದರೆ ಸಾವಿರ ಜನರಲ್ಲಿ ಸುಮಾರು 13 ಮಂದಿ ಹೆಚ್ಚು. ಅದೂ ಹೆಚ್ಚಿನವರು ವಯಸ್ಸಾದ ಗಂಡಸರು.

ಮಂಡ್ಯದ ದೊಡ್ಡಪ್ಪನ ಕಥೆಯೂ ಸುಳ್ಳಲ್ಲ. ಆ ಇಂಗ್ಲೆಂಡಿನ ಲೆಕ್ಕದಲ್ಲೇ, ಹೊಸದಾಗಿ ಪತ್ತೆಯಾದವರಲ್ಲಿ ನಾಲ್ಕು ತಿಂಗಳ ಮೇಲೂ ಡಯಾಬಿಟಿಸ್ ಉಳಿದಿದ್ದು ಸುಮಾರು ಶೇ 60 ಮಂದಿಯಲ್ಲಿ. ಉಳಿದವರು ಕೆಳಗಿಳಿದರು. ಯಾರು ಯಾವ ಗುಂಪು ಅಂತ ಜ್ವರದ ವಾರದಲ್ಲಿ ಹೇಳೋದು ಹೇಗೆ?

ಅಡಿಕೆಪಟ್ಟಿ · 8 ಆಗಸ್ಟ್, ಸಂಜೆ 6:02

ಇಂಗ್ಲೆಂಡಿನವರು ಏನು ಬೇಕಾದರೂ ಬರೆಯುತ್ತಾರೆ. ಇರಲಿ.

ಪುಟ್ಟನ_ಅಮ್ಮ · 9 ಆಗಸ್ಟ್, ಮಧ್ಯಾಹ್ನ 12:10

ನಾನು ಹುಬ್ಬಳ್ಳಿಯಾಕೆ. ನಮ್ಮದು ಟೈಪ್ 1 ಕಥೆ. ನಿಮ್ಮೆಲ್ಲರ ಮಾತು ಓದಿ ಬರೆಯಬೇಕು ಅನ್ನಿಸಿತು.

ಎರಡು ವರ್ಷದ ಹಿಂದೆ, ಮಗನಿಗೆ ಏಳು ತುಂಬಿತ್ತು. ನೆಗಡಿ, ಜ್ವರ ಬಂತು. ಮೂರು ದಿನಕ್ಕೆ ಇಳಿಯಿತು. ಆಮೇಲೆ ನೀರು ಕುಡಿಯೋಕೆ ಶುರು ಮಾಡಿದ. ಸ್ಕೂಲಿನ ಬಾಟಲಿ ಸಾಲದೆ ನಲ್ಲಿಗೆ ಬಾಯಿ ಹಚ್ಚುತ್ತಿದ್ದ. ಮೂರು ವರ್ಷಕ್ಕೇ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಯಿತು. ನಾನು ಬೈದೆ. ಅದು ಈಗಲೂ ಚುಚ್ಚುತ್ತದೆ. ಕ್ಲಿನಿಕ್‌ನಲ್ಲಿ "ವೈರಲ್ ಜ್ವರದ ಸುಸ್ತು ರೀ, ಟಾನಿಕ್ ಕೊಡಿ" ಅಂದರು. ಟಾನಿಕ್ ಸಿಹಿ ಇತ್ತು, ಖುಷಿಯಿಂದ ಕುಡಿದ. ನಾಲ್ಕನೇ ದಿನ ವಾಂತಿ, ಹೊಟ್ಟೆನೋವು. ಉಸಿರು ಜೋರಾಗಿ ಎಳೆಯುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ದೊಡ್ಡ ಆಸ್ಪತ್ರೆಗೆ ಓಡಿದೆವು. ಶುಗರ್ 512. ಇನ್ಸುಲಿನ್ ಇಲ್ಲದೆ ಮೈ ಕೊಬ್ಬು ಸುಟ್ಟಾಗ ಬರುವ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ತುಂಬಿಕೊಂಡಿತ್ತು. ಮೂರು ದಿನ ಐಸಿಯು.

ನಮ್ಮತ್ತಿ ಇವತ್ತಿಗೂ "ಜ್ವರದಾಗ ಐಸ್‌ಕ್ರೀಮ್ ಕೊಟ್ಟಿ, ಅದಕ್ಕ ಬಂತು" ಅಂತಾರೆ. ನಾನು ಕೊಟ್ಟಿದ್ದು ನಿಜ. ಆ ನೆಗಡಿಯಿಂದ ಬಂತಾ? ಜ್ವರ ಬರದಂತೆ ನೋಡಿಕೊಂಡಿದ್ದರೆ ತಪ್ಪುತ್ತಿತ್ತಾ?

ಟಾಂಪೆರೆ_ಕನ್ನಡಿಗ · 9 ಆಗಸ್ಟ್, ಸಂಜೆ 4:44

ಅಕ್ಕ, ಐಸ್‌ಕ್ರೀಮಿನಿಂದ ಅಲ್ಲ. ಮೊದಲು ಅದನ್ನು ತಲೆಯಿಂದ ತೆಗೆಯಿರಿ.

ನಾನಿರುವ ಫಿನ್ಲೆಂಡ್‌ನಲ್ಲಿ ಟೈಪ್ 1 ಜಗತ್ತಿನಲ್ಲೇ ಅತಿ ಹೆಚ್ಚು. ನನ್ನ ಮಗಳ ಕ್ಲಾಸಿನಲ್ಲೇ ತೋಳಿಗೆ ಸೆನ್ಸರ್ ಅಂಟಿಸಿಕೊಂಡ ಇಬ್ಬರಿದ್ದಾರೆ. ಹಾಗಾಗಿ ಇಲ್ಲಿಯವರು ಇದರ ಹಿಂದೆ ಬಿದ್ದಿದ್ದಾರೆ. 1994ರಿಂದ ತುರ್ಕು, ಔಲು, ಟಾಂಪೆರೆ ಊರುಗಳಲ್ಲಿ ಹುಟ್ಟಿದ ಮಕ್ಕಳ ರಕ್ತ ನೋಡುತ್ತಾ ಬಂದಿದ್ದಾರೆ. ಗೊತ್ತಾಗಿದ್ದು ಏನು ಅಂದರೆ, ಇನ್ಸುಲಿನ್ ಮಾಡುವ ಬೀಟಾ ಕೋಶಗಳ ಮೇಲೆ ಮೈಯ ಸ್ವಂತ ಸೈನ್ಯವೇ ದಾಳಿ ಮಾಡುವುದು ತಿಂಗಳುಗಳ, ಎಷ್ಟೋ ಸಲ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಹೊರಗೆ ಏನೂ ಕಾಣಲ್ಲ. ನಿಮ್ಮ ಮಗನಿಗೂ ಆ ನೆಗಡಿಗೆ ಬಹಳ ಮೊದಲೇ ಶುರುವಾಗಿರಬಹುದು. ಉಳಿದ ಸ್ವಲ್ಪ ಕೋಶಗಳು ಹೇಗೋ ಮನೆ ನಡೆಸುತ್ತಿದ್ದವು. ಜ್ವರ ಬಂದಾಗ ಇನ್ಸುಲಿನ್ ಜಾಸ್ತಿ ಬೇಕಾಯಿತು, ಅವುಗಳ ಕೈಲಿ ಆಗಲಿಲ್ಲ.

ವೈರಸ್ ಪಾತ್ರವೇ ಇಲ್ಲ ಅಂತಲ್ಲ. ಹೊಟ್ಟೆ, ಗಂಟಲಲ್ಲಿ ಬರುವ ಎಂಟೆರೋವೈರಸ್‌ಗಳಲ್ಲಿ ಕಾಕ್ಸಾಕಿ ಬಿ ಅಂತ ಒಂದು ಗುಂಪಿದೆ. ಅಮೆರಿಕದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಜ್ವರದಂಥ ಕಾಯಿಲೆ ಬಂದ ಕೆಲವೇ ದಿನದಲ್ಲಿ ಕೀಟೋನ್ ಏರಿ ತೀರಿಕೊಂಡ. ಆ ಬೀಟಾ ಕೋಶಗಳಿರುವ ಅಂಗ ಮೇದೋಜೀರಕ. ಅವನ ಮೇದೋಜೀರಕದಿಂದ ಕಾಕ್ಸಾಕಿ ಬಿ4 ತೆಗೆದು ಇಲಿಗಳಿಗೆ ಕೊಟ್ಟಾಗ ಕೆಲವು ಇಲಿಗಳಿಗೂ ಶುಗರ್ ಬಂತು. 1979ರಲ್ಲಿ ಪ್ರಕಟವಾದ ಕೇಸು ಅದು, ಇವತ್ತಿಗೂ ಎಲ್ಲರೂ ಅದರಿಂದಲೇ ಮಾತು ಶುರು ಮಾಡುತ್ತಾರೆ. ಆದರೆ 2019ರಲ್ಲಿ ನಾಲ್ಕು ದೇಶಗಳ ಮಕ್ಕಳನ್ನು ಗಮನಿಸುವ ಟೆಡ್ಡಿ ಎಂಬ ಅಧ್ಯಯನ ಹೇಳಿದ್ದು ಬೇರೆ. ಬಂದು ಹೋಗುವ ಸೋಂಕಿಗೆ ಅಷ್ಟು ನಂಟು ಕಾಣಲಿಲ್ಲ. ಒಂದೇ ಎಂಟೆರೋವೈರಸ್ ಪುಟ್ಟ ಮಕ್ಕಳ ಹೊಟ್ಟೆಯಲ್ಲಿ ವಾರಗಟ್ಟಲೆ ಠಿಕಾಣಿ ಹೂಡಿದಾಗ ಆ ದಾಳಿ ಶುರುವಾಗುವ ಸಾಧ್ಯತೆ ಜಾಸ್ತಿ ಕಂಡಿತು. ಅದೂ ವಂಶದಲ್ಲಿ ಆ ಗುಣ ಇರುವ ಮಕ್ಕಳಲ್ಲಿ. ಯಾವ ಅಮ್ಮನೂ ಇದನ್ನು ತಡೆಯಲು ಆಗುತ್ತಿರಲಿಲ್ಲ.

ಕಾಕ್ಸಾಕಿ ಬಿಗೆ ಲಸಿಕೆ ಮಾಡುವ ಕೆಲಸ ಇಲ್ಲೇ ನಮ್ಮೂರಲ್ಲಿ ಶುರುವಾಗಿ ಮೊದಲ ಹಂತದ ಪ್ರಯೋಗ ಮುಗಿದಿದೆ. ಅದರಿಂದ ಟೈಪ್ 1 ತಪ್ಪುತ್ತದೆಯೇ ಅನ್ನೋದು ಇನ್ನೂ ಬಹಳ ದೂರ.

ಹಳೇ_ಡಾಕ್ಟ್ರು · 9 ಆಗಸ್ಟ್, ರಾತ್ರಿ 7:30

ಚೆನ್ನಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಗರ್ಭದಲ್ಲಿರುವಾಗ ರುಬೆಲ್ಲಾ ತಗುಲಿದ ಮಕ್ಕಳು ಬೆಳೆದ ಮೇಲೆ ಅವರಲ್ಲಿ ಡಯಾಬಿಟಿಸ್ ಬಹಳ ಜಾಸ್ತಿ ಕಂಡಿದೆ. ಆ ಮಕ್ಕಳ ಕಣ್ಣಿನ ಪೊರೆಗೂ ರುಬೆಲ್ಲಾಗೂ ನಂಟು ಇದೆ ಎಂದು 1941ರಲ್ಲೇ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಗುರುತಿಸಿದ್ದರು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಆಗ ಬಂದ ವಾಟ್ಸ್ಆ್ಯಪ್ ಗಾಳಿಸುದ್ದಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿತ್ತು.

ಹುಬ್ಬಳ್ಳಿ ತಾಯಿ, ಜ್ವರ ಬಂದ ಮಗು ಜಾಸ್ತಿ ನೀರು ಕುಡಿದು, ಜಾಸ್ತಿ ಮೂತ್ರ ಮಾಡಿ, ತೂಕ ಇಳಿದರೆ ಅದೇ ಹೊತ್ತಿಗೆ ಬೆರಳು ಚುಚ್ಚಿ ನೋಡಬೇಕು. ಒಂದು ನಿಮಿಷದ ಕೆಲಸ. ಅದನ್ನು ಮಾಡದವರು ನೀವಲ್ಲ, ನಮ್ಮವರು.

ಪುಟ್ಟನ_ಅಮ್ಮ · 9 ಆಗಸ್ಟ್, ರಾತ್ರಿ 10:20

ಇದನ್ನು ನಮ್ಮತ್ತಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಹುಡುಗನಿಗೆ ರೊಟ್ಟಿ ಬಡಿದುಕೊಟ್ಟರು.

ಮಲ್ಲಿಗೆದಂಡೆ · 15 ಆಗಸ್ಟ್, ಬೆಳಿಗ್ಗೆ 7:05

ನಿನ್ನೆ ರಾತ್ರಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಇವರಿಗೆ ಜ್ವರದ ನಂತರ ಬಾಯಿರುಚಿ ಬಂದಿಲ್ಲ. ರಾತ್ರಿ ಎರಡು ಸೌಟು ಗಂಜಿ ಕುಡಿದು ಮಾತ್ರೆ ನುಂಗಿ ಮಲಗಿದರು. ಹನ್ನೊಂದು ಗಂಟೆಗೆ ಕೈ ಹಿಡಿದು ಎಬ್ಬಿಸಿದರು. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಕೈ ನಡುಕ. ಏನೋ ಹೇಳಲು ಹೋಗಿ ಮಾತು ತೊದಲುತ್ತಿತ್ತು. ಹೊಸ ಮೀಟರ್ ಇತ್ತಲ್ಲ, ನೋಡಿದರೆ 58. ಸಕ್ಕರೆ ಕೊಡೋಣ ಅಂದ್ರೆ ಡಬ್ಬಿ ಅಟ್ಟದ ಮೇಲೆ! ಅತ್ತೆ ಸ್ಟೂಲ್ ಹಿಡಿದುಕೊಂಡರು, ನಾನು ಹತ್ತಿದೆ. ಮೂರು ಚಮಚ ನೀರಿಗೆ ಕಲಸಿ ಕುಡಿಸಿದೆ. ಕಾಲು ಗಂಟೆಯಲ್ಲಿ 91 ಆಯಿತು. ಬಿಸ್ಕತ್ತು ತಿನ್ನಿಸಿ, ಬೆಳಗಿನವರೆಗೆ ಎಚ್ಚರ ಕೂತಿದ್ದೆ.

ಬೆಣ್ಣೆದೋಸೆ · 15 ಆಗಸ್ಟ್, ಬೆಳಿಗ್ಗೆ 7:40

ಅದು ಗ್ಲಿಮೆಪಿರೈಡ್ ಕೆಲಸ ಮೇಡಂ. ಊಟ ಮಾಡಿದರೂ ಬಿಟ್ಟರೂ ಅದು ಇನ್ಸುಲಿನ್ ಸುರಿಸುತ್ತದೆ. ಇತ್ತ ಜ್ವರ ಇಳಿದಂತೆ ಶುಗರ್ ತಾನಾಗೇ ಇಳಿಯುತ್ತಿತ್ತು. ಎರಡೂ ಸೇರಿ ಪಾತಾಳಕ್ಕೆ ಹೋಗಿದೆ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ರಜಾ ಅಂತ ನಾಳೆಗೆ ಇಡಬೇಡಿ. ಹೋಗುವ ಮೊದಲು ಫೋನ್ ಮಾಡಿ, ಬೆಳಗಿನ ಮಾತ್ರೆ ಕೊಡಬೇಕೋ ಬೇಡವೋ ಕೇಳಿಕೊಳ್ಳಿ.

ಹಳೇ_ಡಾಕ್ಟ್ರು · 15 ಆಗಸ್ಟ್, ಬೆಳಿಗ್ಗೆ 8:02

ನೀವು ಮಾಡಿದ್ದೆಲ್ಲ ಸರಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ.

ಉಳಿದವರಿಗೂ ಹೇಳುತ್ತೇನೆ. ಮೊದಲೇ ಶುಗರ್ ಮಾತ್ರೆ ತಿನ್ನುವವರು ಜ್ವರ ಬಂದಾಗ ಎರಡು ಬಗೆಯಲ್ಲಿ ಸಿಕ್ಕಿಬೀಳುತ್ತಾರೆ. ಊಟವಿಲ್ಲ ಎಂದು ಎಲ್ಲವನ್ನೂ ನಿಲ್ಲಿಸಿ 400ಕ್ಕೆ ಏರಿಸಿಕೊಳ್ಳುವವರು ಕೆಲವರು. ಎಲ್ಲವನ್ನೂ ನುಂಗಿ ಹೀಗೆ ಕುಸಿಯುವವರು ಕೆಲವರು. ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದರೆ ಮೆಟ್‌ಫಾರ್ಮಿನ್, ಅದರಲ್ಲೂ ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಈ ಎರಡನೆಯದು ಶುಗರ್ ಅಷ್ಟೇನೂ ಏರದೆ ಕೀಟೋನ್ ಏರಿಸಬಲ್ಲದು, ಅದಕ್ಕೇ ಮೋಸ ಮಾಡುತ್ತದೆ. ಟೈಪ್ 1 ಇರುವವರು ಮಾತ್ರ ಏನೇ ಆದರೂ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಾಗಿಲ್ಲ. ಒಂದು ತುತ್ತು ಇಳಿಯದಿದ್ದರೂ ಸಹ. ನಿಮ್ಮ ಮಾತ್ರೆಗಳಲ್ಲಿ ಯಾವುದಕ್ಕೆ ಏನು ಎಂದು ಮೈ ಚೆನ್ನಾಗಿರುವಾಗಲೇ ಡಾಕ್ಟರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಮಲ್ಲಿಗೆದಂಡೆ · 15 ಆಗಸ್ಟ್, ರಾತ್ರಿ 9:15

ಬೇರೆ ಡಾಕ್ಟರಿಗೆ ತೋರಿಸಿದೆವು. 6.1 ನೋಡಿ ಆ ಜೋಡಿ ಮಾತ್ರೆ ನಿಲ್ಲಿಸಿದರು. ಸದ್ಯ ಯಾವ ಮಾತ್ರೆಯೂ ಬೇಡ, ದಿನ ಬಿಟ್ಟು ದಿನ ಖಾಲಿ ಹೊಟ್ಟೆ ಮತ್ತು ಊಟವಾಗಿ ಎರಡು ಗಂಟೆಯದ್ದು ಬರೆದಿಡಿ, ನವೆಂಬರ್‌ನಲ್ಲಿ ಎಚ್‌ಬಿಎ1ಸಿ ಮತ್ತೆ ಮಾಡಿಸಿ ಅಂದರು.

ಮಲ್ಲಿಗೆದಂಡೆ · 27 ಆಗಸ್ಟ್, ಸಂಜೆ 6:30

ಮತ್ತೆ ಗಾಬರಿ! ಹನ್ನೆರಡು ದಿನದಿಂದ 100, 110, 128, ಹೀಗೇ ಬರುತ್ತಿತ್ತು. ಈಗ ಸಂಜೆ ನಾಲ್ಕಕ್ಕೆ ನೋಡಿದರೆ 241. ತಿಂದಿದ್ದು ಅರ್ಧ ಮೂಸಂಬಿ ಅಷ್ಟೆ.

ಹನಿರಕ್ತ · 27 ಆಗಸ್ಟ್, ಸಂಜೆ 6:41

ಲ್ಯಾಬ್ ಟೆಕ್ನಿಷಿಯನ್ ನಾನು. ಮೂಸಂಬಿ ಸುಲಿದಿದ್ದು ಯಾರು? ಕೈ ತೊಳೆದರಾ? ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳಿಂದ ನೋಡಿ ಹೇಳಿ.

ಮಲ್ಲಿಗೆದಂಡೆ · 27 ಆಗಸ್ಟ್, ಸಂಜೆ 6:58

119. ಅವರೇ ಸುಲಿದಿದ್ದು. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಹನಿರಕ್ತ · 27 ಆಗಸ್ಟ್, ರಾತ್ರಿ 8:10

ದಿನಾ ನೋಡುವ ಕಥೆ ಇದು. ಬೆರಳಿಗೆ ಅಂಟಿದ ಹಣ್ಣಿನ ರಸವೂ ಸಕ್ಕರೆಯೇ, ಸ್ಟ್ರಿಪ್‌ಗೆ ಭೇದ ಇಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಉಜ್ಜಿದರೆ ಅದು ಪೂರ್ತಿ ಹೋಗಲ್ಲ, ತೊಳೆಯಲೇಬೇಕು.

ಡೆಂಗ್ಯೂ ಇರುವಾಗ ಇನ್ನೊಂದು ತಮಾಷೆ ಇದೆ. ರಕ್ತದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರಿದೆ ಅಂತಾರಲ್ಲ, ಅದು. ಪಿಸಿವಿ ಏರಿದಾಗ ಮನೆಯ ಗ್ಲುಕೋಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ರಕ್ತಹೀನತೆ ಇದ್ದರೆ ಜಾಸ್ತಿ ತೋರಿಸುತ್ತದೆ. ಹಾಗಾಗಿ ಕಾಯಿಲೆ ಜೋರಾಗಿರುವಾಗ ಲ್ಯಾಬಿನ ರಕ್ತನಾಳದ ಸ್ಯಾಂಪಲ್ಲೇ ನಂಬಿಕೆಗೆ ಅರ್ಹ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ. ಒಲೆ ಪಕ್ಕ ಇಡಬೇಡಿ. ನಮ್ಮಮ್ಮ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಜೊತೆ ಇಟ್ಟಿದ್ದರು, ಅದೂ ಬೇಡ.

ಕಾಫಿತೋಟ · 5 ಸೆಪ್ಟೆಂಬರ್, ರಾತ್ರಿ 9:00

ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಸರ್ಕಾರ ಘೋಷಿಸಿದೆ. ಮನೆ ಹತ್ತಿರ ಸೊಳ್ಳೆ ಮರಿ ಸಿಕ್ಕಿದರೆ ದಂಡವಂತೆ. ಅದಿರಲಿ, ನಮ್ಮ ಅತ್ತೆಯದ್ದು ನಿಮ್ಮದಕ್ಕೆ ಉಲ್ಟಾ ಕಥೆ. ಮೂಡಿಗೆರೆಯಲ್ಲಿ ಜ್ವರಕ್ಕೆ ಅಡ್ಮಿಟ್ ಮಾಡಿದಾಗ ಶುಗರ್ 310. ನಾವೂ ಜ್ವರದ್ದು ಅಂತಲೇ ಇದ್ದೆವು. ಎಚ್‌ಬಿಎ1ಸಿ ನೋಡಿದರೆ 9.8. ವರ್ಷಗಳಿಂದ ಇತ್ತು, ಗೊತ್ತಿರಲಿಲ್ಲ ಅಷ್ಟೆ. ಕಾಲಿನ ಉರಿಗೆ ಹರಳೆಣ್ಣೆ ಹಚ್ಚಿಕೊಂಡು ಕೂತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಪುಕ್ಕಟೆ ನೋಡುತ್ತಾರೆ, ಆಶಾ ಕಾರ್ಯಕರ್ತೆ ಎಷ್ಟೋ ಸಲ ಕರೆದಿದ್ದರು. "ನಂಗೇನಾಗಿದೆ" ಅಂತ ಹೋಗಿರಲಿಲ್ಲ.

ಮಲ್ಲಿಗೆದಂಡೆ · 12 ನವೆಂಬರ್, ಸಂಜೆ 5:20

ಮೂರು ತಿಂಗಳಾಯಿತು. ಮಾತ್ರೆ ಇಲ್ಲದೆ ಎಚ್‌ಬಿಎ1ಸಿ 5.9. ಖಾಲಿ ಹೊಟ್ಟೆಯದ್ದು 104. ತೂಕ 83ರಿಂದ 78. ಡಾಕ್ಟರ್ "ಡಯಾಬಿಟಿಸ್ ಅಲ್ಲ, ಆದರೆ ಹೊಸ್ತಿಲಿಂದ ಇನ್ನೂ ಕೆಳಗಿಳಿದಿಲ್ಲ, ಪ್ರತಿ ವರ್ಷ ಬಂದು ತೋರಿಸಿ" ಅಂದರು. ಹಳೇ ಡಾಕ್ಟ್ರು ಹೇಳಿದ್ದೇ ಮಾತು! ಡಿಸ್ಚಾರ್ಜ್ ಚೀಟಿಯ ಆ ಸಾಲಿನ ಪಕ್ಕ ಈ ರಿಪೋರ್ಟ್ ಪಿನ್ ಮಾಡಿ ಇಟ್ಟಿದ್ದೇನೆ, ಮುಂದೆ ಇನ್ಶೂರೆನ್ಸ್‌ನವರು ಕೇಳಿದರೆ ಬೇಕಾಗುತ್ತೆ ಅಂತ.

ಇವರು ಸಂಜೆ ಅಮಾನಿಕೆರೆ ಸುತ್ತ ನಡೆಯುತ್ತಾರೆ. ಮೊದಲ ವಾರ ಬೈದುಕೊಂಡು, ಈಗ ಸ್ನೇಹಿತರು ಸಿಕ್ಕಿದ್ದಕ್ಕೆ ತಾವಾಗೇ.

ಮಂಡ್ಯದ_ಬೆಲ್ಲ · 12 ನವೆಂಬರ್, ಸಂಜೆ 5:33

ಸಕ್ಕರೆ ಡಬ್ಬಿ ಇಳೀತಾ ಅಕ್ಕ?

ಮಲ್ಲಿಗೆದಂಡೆ · 12 ನವೆಂಬರ್, ಸಂಜೆ 5:41

ಆ ರಾತ್ರಿ ಇಳಿದಿದ್ದು ಮತ್ತೆ ಮೇಲೆ ಹೋಗಿಲ್ಲ. ಖಾಲಿಯಾಗೋದು ಮಾತ್ರ ಬಹಳ ನಿಧಾನ ಆಗಿದೆ.

ಕೆರೆಏರಿ · 20 ನವೆಂಬರ್, ರಾತ್ರಿ 8:25

ಹಳೇ ಚರ್ಚೆಯಲ್ಲಿ ತಲೆ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ತಂದೆಗೆ 58. ಚಿಕುನ್‌ಗುನ್ಯಾ ಬಂದು ಎರಡು ತಿಂಗಳಾದರೂ ಕೀಲುನೋವು ಬಿಟ್ಟಿಲ್ಲ. ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದಾರೆ, ದಿನಾ ಬೆಳಿಗ್ಗೆ. ಈ ಚರ್ಚೆ ಓದಿ ಭಯವಾಗಿ ಖಾಲಿ ಹೊಟ್ಟೆ ಶುಗರ್ ನೋಡಿಸಿದೆ, 98. ಹಾಗಾದರೆ ಪರವಾಗಿಲ್ಲ ಅಲ್ವಾ?

ಹಳೇ_ಡಾಕ್ಟ್ರು · 21 ನವೆಂಬರ್, ಬೆಳಿಗ್ಗೆ 6:20

ಅಷ್ಟಕ್ಕೇ ಸಮಾಧಾನ ಬೇಡ. ಬೆಳಿಗ್ಗೆ ನುಂಗಿದ ಸ್ಟಿರಾಯ್ಡ್ ಮಧ್ಯಾಹ್ನ, ಸಂಜೆ ಹೊತ್ತಿಗೆ ಶುಗರ್ ಏರಿಸುತ್ತದೆ. ರಾತ್ರಿ ಕಳೆದು ಬೆಳಗಾಗುವಾಗ ಇಳಿದಿರುತ್ತದೆ. ಖಾಲಿ ಹೊಟ್ಟೆಯದ್ದು ನೋಡಿದರೆ ಕಳ್ಳ ಹೋದ ಮೇಲೆ ಬಾಗಿಲು ನೋಡಿದ ಹಾಗೆ. ಮಧ್ಯಾಹ್ನ ಊಟವಾಗಿ ಎರಡು ಗಂಟೆ ಬಿಟ್ಟು ನೋಡಿ. ವಾರಗಟ್ಟಲೆ ತಿಂದಿದ್ದರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಕೊಟ್ಟವರೇ ಹಂತಹಂತವಾಗಿ ಇಳಿಸಬೇಕು.

ಕೆರೆಏರಿ · 21 ನವೆಂಬರ್, ಮಧ್ಯಾಹ್ನ 3:50

238. ಕೈ ತೊಳೆದೇ ನೋಡಿದ್ದು ಸರ್. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಡಾಕ್ಟರ್ ಹತ್ತಿರ ಹೊರಟಿದ್ದೇವೆ.